ಹಗುರವಾದ ಸೈಕಲ್ಲೇ ವೇಗದ ಸೈಕಲ್ಲಲ್ಲ

ಸವಾರಿಯ ವೇಗ ಹೆಚ್ಚಬೇಕಾದರೆ ಮೊದಲು ಕಾರ್ಬನ್ ಚಕ್ರಗಳನ್ನು ಕೊಂಡು ತೂಕ ಇಳಿಸಬೇಕೆಂಬ, ಈಚೆಗೆ ಪ್ರಕಟವಾದ ಲೇಖನವೊಂದರ ವಾದವು ಕಡಿದಾದ ಏರಿಗೆ ಅನ್ವಯಿಸಿದರೂ ಒಟ್ಟಾರೆ ದಾರಿ ತಪ್ಪಿಸುವಂಥದು. ಸವಾರನೂ ಸೇರಿ 80 ಕಿಲೋ ತೂಗುವ ಸೈಕಲ್ಲಿನಿಂದ 1 ಕಿಲೋ ಕಳೆದರೆ ತಗ್ಗುವ ಭಾರ ಶೇ. 1.25 ಮಾತ್ರ, ಅರ್ಧ ಗಂಟೆ ಹಿಡಿಯುವ ನಂದಿ ಬೆಟ್ಟದ ಏರಿನಲ್ಲಿಯೂ ಅದರಿಂದ ಉಳಿಯುವುದು 23 ಸೆಕೆಂಡನ್ನು ಮೀರದು. ತಿರುಗುವ ಚಕ್ರದಂಚಿನ ಭಾರ ಇಮ್ಮಡಿಯಾಗಿ ಲೆಕ್ಕಕ್ಕೆ ಬರುತ್ತದೆ ಎಂಬ ಆ ಲೇಖಕರ ಮಾತು ವೇಗ ಏರಿಸುವ ಕ್ಷಣಕ್ಕಷ್ಟೇ ಸಲ್ಲುತ್ತದೆ, ಏಕವೇಗದ ಓಟಕ್ಕಲ್ಲ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಮುಖ್ಯ ತಡೆ ಗಾಳಿಯದು. ಅದನ್ನು ಮೀರಲು ಬೇಕಾದ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ, ಅಂದರೆ ವೇಗ ಇಮ್ಮಡಿಯಾದರೆ ಎಂಟು ಪಟ್ಟು ಏರುತ್ತದೆ, ಮತ್ತು ಆ ತಡೆಯ ಬಹುಪಾಲು ಹುಟ್ಟುವುದು ಸವಾರನ ದೇಹದಿಂದಲೇ. ಹಾಗಾಗಿ ಕೂರುವ ಭಂಗಿಯನ್ನು ತಿದ್ದಿಕೊಂಡು, ಉರುಳುವಾಗ ಬಾಗಿ ಬಾಗಿ ಶಕ್ತಿ ನುಂಗುವ ಒರಟು ಟೈರುಗಳನ್ನು ಬದಲಿಸಿದ ಮೇಲೆ ಹಣ ಮಿಕ್ಕಿದರಷ್ಟೇ ದುಬಾರಿ ಚಕ್ರಗಳ ಮಾತು ಬರಬೇಕು.