ಟೋನಿಯ ಬೆರಳು ತೆಗೆದದ್ದು ವಿಧಿಯಲ್ಲ, ಪ್ರೆಸ್ ಮಷೀನು

ನಮ್ಮೂರಿನ ಹುಡುಗರ ವಾಟ್ಸಾಪ್ ಗ್ರೂಪಿಗೆ ಕಳೆದ ವಾರ ಒಂದು ರೀಲ್ ಬಂತು. ಬೆರಳು ಕಳೆದುಕೊಂಡರೂ ಛಲ ಬಿಡದೆ ಗಿಟಾರ್ ನುಡಿಸಿ ಲೋಕ ಗೆದ್ದವನ ಕಥೆ. ಇಂಗ್ಲೆಂಡಿನ ಬ್ಲ್ಯಾಕ್ ಸಬ್ಬತ್ ಎಂಬ ರಾಕ್ ಬ್ಯಾಂಡಿನ ಟೋನಿ ಐಯೋಮಿ. ಅರವತ್ತು ಜನ ಚಪ್ಪಾಳೆ ಒತ್ತಿದರು. ಕಥೆ ಸುಳ್ಳಲ್ಲ, ಆದರೆ ಅರ್ಧ. ಬಿಟ್ಟುಹೋದ ಅರ್ಧವೇ ನಮ್ಮಂಥವರಿಗೆ ಬೇಕಾದದ್ದು.

ಬ್ಯಾಂಡಿನ ನಾಲ್ವರೂ ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ಬಡಾವಣೆಯ ಹುಡುಗರು. ಸುತ್ತ ಕಾರ್ಖಾನೆ, ಹೊಗೆ. ಹಾಡುಗಾರ ಆಜಿ ಆಸ್ಬರ್ನ್ ಕಸಾಯಿಖಾನೆಯಲ್ಲಿ ದುಡಿದವನು, ಕಾರಿನ ಹಾರ್ನ್ ಶ್ರುತಿ ಮಾಡಿದವನು, ಕಳ್ಳತನದ ದಂಡ ಕಟ್ಟಲಾಗದೆ ಕೆಲವು ವಾರ ಜೈಲಿನಲ್ಲೂ ಇದ್ದವನು. ಟೋನಿ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ವೆಲ್ಡರ್. ವಯಸ್ಸು 17.

ಅವತ್ತು ಅವನ ಕೆಲಸದ ಕೊನೆಯ ದಿನ. ಬೇರೊಂದು ತಂಡದ ಜೊತೆ ಯುರೋಪ್ ಸುತ್ತಲು ಹೊರಟಿದ್ದ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಇನ್ನು ಹೋಗಲ್ಲ ಅಂದ. ತಾಯಿ ಬಿಡಲಿಲ್ಲ, ಹಿಡಿದ ಕೆಲಸ ಮುಗಿಸಿ ಬಾ ಅಂದರು. ಯಾವ ತಾಯಿಯಾದರೂ ಹಾಗೇ ಹೇಳುತ್ತಾಳೆ.

ರೀಲ್ ನುಂಗಿದ ಭಾಗ ಇದು. ತಗಡು ಬಾಗಿಸುವ ಪ್ರೆಸ್ಸಿನಲ್ಲಿ ದಿನವೂ ಕೂರುತ್ತಿದ್ದ ಹೆಂಗಸು ಅವತ್ತು ಬಂದಿರಲಿಲ್ಲ. ಅವಳು ಬಾಗಿಸಿ ಕೊಟ್ಟರೆ ಇವನು ವೆಲ್ಡ್ ಮಾಡಬೇಕು. ಹುಡುಗ ಸುಮ್ಮನೆ ನಿಲ್ಲಬಾರದು ಅಂತ ಅವನನ್ನೇ ಪ್ರೆಸ್ಸಿಗೆ ಕೂರಿಸಿದರು. ಆ ಮಷೀನನ್ನು ಅವನು ಅದಕ್ಕೆ ಮುಂಚೆ ಮುಟ್ಟಿದವನೇ ಅಲ್ಲ. ಕಾಲಲ್ಲಿ ಒತ್ತುವ ಪೆಡಲ್ ಬೇರೆ ಅಲುಗಾಡುತ್ತಿತ್ತು. ಪ್ರೆಸ್ ಬಲಗೈ ಮೇಲೆ ಬಿತ್ತು, ಅವನು ಗಾಬರಿಯಲ್ಲಿ ಕೈ ಎಳೆದುಕೊಂಡ, ನಡುಬೆರಳು ಮತ್ತು ಉಂಗುರಬೆರಳಿನ ತುದಿ ಕಿತ್ತುಹೋಯಿತು. ಟೋನಿ ಎಡಚ. ಅಂದರೆ ಗಿಟಾರಿನ ತಂತಿ ಒತ್ತಬೇಕಾದ ಕೈಯೇ ಅದು.

ಇದಕ್ಕೆ ವಿಧಿ ಅಂತ ಹೆಸರಿಡುತ್ತೀರಾ? ಬ್ರಿಟನ್ನಿನ 1961ರ ಕಾರ್ಖಾನೆ ಕಾಯ್ದೆ ಅಪಾಯದ ಯಂತ್ರಗಳಿಗೆ ಕಾವಲು ಇರಬೇಕು ಅಂತ ಹೇಳಿತ್ತು. ನಮ್ಮ ದೇಶದ ಕಾರ್ಖಾನೆ ಕಾಯ್ದೆಯೂ, ಟೋನಿ ಹುಟ್ಟಿದ 1948ರಲ್ಲೇ, ಅದನ್ನೇ ಬರೆದಿತ್ತು. ಅಪಾಯದ ಮಷೀನಿಗೆ 18 ತುಂಬದವರನ್ನು ಹಚ್ಚುವ ಮುಂಚೆ ಅಪಾಯವೇನೆಂದು ತಿಳಿಸಬೇಕು, ತರಬೇತಿ ಕೊಟ್ಟಿರಬೇಕು, ಇಲ್ಲವೇ ಗೊತ್ತಿದ್ದವರು ಪಕ್ಕದಲ್ಲಿರಬೇಕು ಅಂತಲೂ ಇತ್ತು. ಕಾಗದದ ಮೇಲೆ ಎಲ್ಲವೂ ಇತ್ತು.

ಕಾರ್ಖಾನೆಯ ಮ್ಯಾನೇಜರ್ ಒಳ್ಳೆಯ ಮನುಷ್ಯನೇ. ಹುಡುಗನ ಮನೆಗೆ ಒಂದು ಗ್ರಾಮಫೋನ್ ತಟ್ಟೆ ತಂದು ಕೇಳಿಸಿದ. ನುಡಿಸಿದ್ದು ಜಾಂಗೊ ರೈನ್‌ಹಾರ್ಟ್, ಬೆಂಕಿ ಅನಾಹುತದಲ್ಲಿ ಎರಡು ಬೆರಳು ನಿಷ್ಕ್ರಿಯವಾದ ಮೇಲೂ ಹೆಸರು ಮಾಡಿದ ಗಿಟಾರ್ ವಾದಕ. ಟೋನಿಗೆ ಧೈರ್ಯ ಬಂತು. ಆ ತಟ್ಟೆಯ ಋಣ ದೊಡ್ಡದು, ನಾನು ಅಲ್ಲಗಳೆಯಲ್ಲ. ಆದರೆ ಬೆರಳು ಹೋದ ಮೇಲೆ ತೋರಿದ ಕರುಣೆಯಲ್ಲಿ ಒಂದು ಪಾಲು ಬೆಳಗ್ಗೆಯೇ ಇದ್ದಿದ್ದರೆ ಹುಡುಗ ಆ ಪ್ರೆಸ್ಸಿನ ಮುಂದೆ ಕೂರುತ್ತಲೇ ಇರಲಿಲ್ಲ.

ಅಪಘಾತ ಆಗಿದ್ದಕ್ಕೇ ಆ ಭಾರದ ನಾದ ಹುಟ್ಟಿತು ಅಂತ ಅಭಿಮಾನಿಗಳು ವಾದಿಸುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡವನು ಅವನು. ಜಾರಬಾರದೆಂದು ಅದಕ್ಕೆ ಚರ್ಮ ಅಂಟಿಸಿದವನು ಅವನು. ದಪ್ಪ ತಂತಿ ನೋಯಿಸುತ್ತದೆಂದು ಬ್ಯಾಂಜೊ ವಾದ್ಯದ ತೆಳು ತಂತಿ ಹಾಕಿಕೊಂಡ, ಮುಂದೆ ಶ್ರುತಿಯನ್ನೇ ಇಳಿಸಿ ತಂತಿ ಸಡಿಲ ಮಾಡಿಕೊಂಡ. 1968ರ ಕೊನೆಗೆ ಜೆಥ್ರೊ ಟಲ್ ಎಂಬ ಬೇರೆ ಬ್ಯಾಂಡಿಗೆ ಹೋಗಿ ಬಂದವನು, ಅಲ್ಲಿನ ಶಿಸ್ತು ನೋಡಿ ತನ್ನ ಗೆಳೆಯರನ್ನೂ ಬೆಳಗ್ಗೆಯೇ ಎಬ್ಬಿಸಿ ಅಭ್ಯಾಸಕ್ಕೆ ಕೂರಿಸಿದ. ಮರುವರ್ಷ ಅಕ್ಟೋಬರ್‌ನಲ್ಲಿ ಮೊದಲ ಆಲ್ಬಮ್ಮನ್ನು ಒಂದೇ ದಿನದಲ್ಲಿ ರೆಕಾರ್ಡ್ ಮಾಡಿದರು. ಅದು 1970ರ ಫೆಬ್ರವರಿ 13ರಂದು ಬಂತು, ಬ್ರಿಟನ್ನಿನ ಮೊದಲ ಹತ್ತರೊಳಗೆ ಸೇರಿತು. ಇಷ್ಟರಲ್ಲಿ ಪ್ರೆಸ್ ಮಷೀನು ಮಾಡಿದ್ದೇನು? ಎರಡು ಬೆರಳು ತಿಂದದ್ದು, ಅಷ್ಟೇ.

ನಮ್ಮೂರಿನ ಒಬ್ಬ ಹುಡುಗ ಐಟಿಐ ಅರ್ಧಕ್ಕೆ ಬಿಟ್ಟು ಬೆಂಗಳೂರಿನ ಒಂದು ಶೆಡ್ಡಿಗೆ ಕೆಲಸಕ್ಕೆ ಹೋಗಿದ್ದ. ಒಂಬತ್ತನೇ ದಿನ ಪ್ರೆಸ್ಸಿಗೆ ತೋರುಬೆರಳು ಕೊಟ್ಟ. ಆಸ್ಪತ್ರೆ ಬಿಲ್ಲು ಕಟ್ಟಿ, ಕೈಗೆ ಸ್ವಲ್ಪ ದುಡ್ಡಿಟ್ಟು ಬಸ್ಸು ಹತ್ತಿಸಿದರು. ಯಾವ ಕಾಗದಕ್ಕೆ ಹೆಬ್ಬೆಟ್ಟು ಹಾಕಿದೆ ಅಂತ ಅವನಿಗೇ ಗೊತ್ತಿಲ್ಲ. ಈಗ ಅವನು ಊರಿನ ಹಾಲಿನ ಡೇರಿಯಲ್ಲಿ ಕ್ಯಾನ್ ಎತ್ತುತ್ತಾನೆ. ಅವನಿಗೆ ಗಿಟಾರ್ ಬರುವುದಿಲ್ಲ, ಹಾಗಾಗಿ ರೀಲೂ ಇಲ್ಲ. ಗಿಟಾರ್ ಬಾರದವರ ಬೆರಳಿಗೆ ಛಲದ ಕಥೆ ಯಾವ ಪರಿಹಾರ ಕೊಡುತ್ತದೆ?

ಗ್ರೂಪಿನಲ್ಲಿ ನಾನು ಎರಡು ಸಾಲು ಬರೆದೆ: ‘ಅವನನ್ನು ಆ ಮಷೀನಿಗೆ ಕೂರಿಸಿದವರು ಯಾರು? ರೀಲ್‌ನಲ್ಲಿ ಅದ್ಯಾಕಿಲ್ಲ?’ ಒಬ್ಬ ನೆಗೆಟಿವ್ ಮಾತಾಡಬೇಡಿ ಅಣ್ಣ ಅಂದ. ಡೇರಿಯ ಹುಡುಗ ಮಾತ್ರ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ಅವನಿಗೆ ಬೇಕಿದ್ದದ್ದು ಒಂದೇ, ಎರಡು ವರ್ಷ ಆದ ಮೇಲೂ ಅರ್ಜಿ ಹಾಕಬಹುದಾ ಅಂತ. ಸೋಮವಾರ ಇಬ್ಬರೂ ಕಾರ್ಮಿಕ ಇಲಾಖೆ ಕಚೇರಿಗೆ ಹೋಗುತ್ತಿದ್ದೇವೆ.