ಎಲ್ಲದಕ್ಕೂ ಆಕಾಶವನ್ನೇ ದೂರಬೇಕೆ?

ಈಗೀಗ ಯಾವ ರೈತಸಭೆಗೆ ಹೋದರೂ ಒಂದೇ ಮಾತು: ಹವಾಮಾನ ಬದಲಾವಣೆ. ಮಳೆ ಬಾರದಿದ್ದರೂ ಅದೇ, ಜಾಸ್ತಿ ಬಂದರೂ ಅದೇ, ಬೋರು ಬತ್ತಿದರೂ ಅದೇ. ಚಳ್ಳಕೆರೆ ಕಡೆಯ ಬೆದ್ದಲು ರೈತನಾದ ನನಗೆ ಇದು ಪೂರ್ತಿ ಒಪ್ಪಿಗೆಯಾಗಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಕಲ್ಲಿದ್ದಲು, ಪೆಟ್ರೋಲು ಸುಟ್ಟ ಹೊಗೆಯಿಂದ ಭೂಮಿ ಬಿಸಿಯಾಗ್ತಿದೆ ಅಂತ ವಿಜ್ಞಾನಿಗಳು ಅಳೆದು ನೋಡಿಯೇ ಹೇಳಿದ್ದಾರೆ. ಏಳನೇ ಕ್ಲಾಸು ಓದಿದ ನಾನು ಅದನ್ನು ಅಲ್ಲಗಳೆಯೋದಿಲ್ಲ. ನನ್ನ ತಕರಾರು ಬೇರೆ. ನಮ್ಮ ಹೊಲದ ಕಷ್ಟದಲ್ಲಿ ಆ ಹೊಗೆಯ ಪಾಲೆಷ್ಟು, ನಮ್ಮ ಪಾಲೆಷ್ಟು?

ಬರ ನಮಗೆ ಹೊಸ ನೆಂಟನಲ್ಲ. 1876-78ರ ಧಾತು-ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಅಳಿದುಹೋಯಿತು. ಆಗ ಕಾರು, ಲಾರಿ ಎಲ್ಲಿದ್ದವು? ನಮ್ಮ ಪಕ್ಕದ ಹಿರಿಯೂರಿನ ವಾಣಿವಿಲಾಸ ಸಾಗರವನ್ನೇ ನೋಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ, ಅದೂ ಭದ್ರಾ ನೀರು ಸೇರಿ. ಇಲ್ಲಿ ಮಳೆರಾಯ ಎಂದೂ ನಂಬಿಕಸ್ಥನಾಗಿರಲಿಲ್ಲ.

ನಮ್ಮಪ್ಪ ತೋಡಿಸಿದ ಬಾವಿ 40 ಅಡಿ. ಕಪಿಲೆ ಹೊಡೆದು ಎರಡೆಕರೆ ರಾಗಿ ಬೆಳೀತಿದ್ದರು. ಅದು ಬತ್ತಿದ್ದು ಮಳೆ ನಿಂತು ಅಲ್ಲ, ಸುತ್ತ ಬೋರು ಕೊರೆದು. ಅವುಗಳಲ್ಲಿ ಮೂರು ನನ್ನವೇ! ಮೊದಲನೆಯದಕ್ಕೆ 180 ಅಡಿಗೆ ನೀರು ಸಿಕ್ಕಿತು. ಮೂರನೆಯದರಲ್ಲಿ 650 ಅಡಿಗೂ ಬರೀ ದೂಳು. ಊರ ಕೆರೆಯಲ್ಲಿ ಹೂಳು ತುಂಬಿದೆ. ಕೆರೆಗೆ ನೀರು ತರುವ ಹಳ್ಳವನ್ನು ಎರಡೂ ಕಡೆಯವರು ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದಾರೆ. ಹತ್ತು ದಿನ ಮಳೆ ಸುರಿದರೂ ನೀರು ನಿಲ್ಲೋದೆಲ್ಲಿ?

ಬೆಳೆಯದೂ ಇದೇ ಕತೆ. ಹಿಂದೆ ನವಣೆ, ಸಜ್ಜೆ, ಅಕ್ಕಡಿಗೆ ತೊಗರಿ, ಅಲಸಂದೆ ಹಾಕ್ತಿದ್ದೆವು. ಒಂದು ಹೋದರೆ ಇನ್ನೊಂದು ಕೈಹಿಡೀತಿತ್ತು. ಈಗ ಹೊಲ ತುಂಬ ಶೇಂಗಾ ಒಂದೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ಕ್ಕೆ ಬರ ಅಂತ ಘೋಷಣೆಯಾಯ್ತು. ನನ್ನ ಶೇಂಗಾ ಬೀಜದ ಖರ್ಚೂ ಹುಟ್ಟಲಿಲ್ಲ. ಪಕ್ಕದ ಹೊಲದ ಸಜ್ಜೆ ದನಗಳಿಗೆ ಮೇವನ್ನಾದರೂ ಕೊಟ್ಟಿತು.

ತಪ್ಪನ್ನೆಲ್ಲ ಆಕಾಶದ ಮೇಲೆ ಹೊರಿಸಿದರೆ ಅಧಿಕಾರಿಗಳಿಗೂ ಸುಲಭ, ನಮಗೂ ಸುಲಭ. ಯಾರೂ ಏನೂ ಮಾಡಬೇಕಾಗಿಲ್ಲ. ಹೊಗೆ ಉಗುಳುವ ದೊಡ್ಡ ದೇಶಗಳು ಅದನ್ನು ತಗ್ಗಿಸಲಿ, ಬೇಡ ಅನ್ನೋರ್ಯಾರು? ಆದರೆ ಬದು ಹಾಕಲು, ಹೂಳೆತ್ತಲು, ಹಳ್ಳ ಬಿಡಿಸಲು ನಾವು ಅವರ ದಾರಿ ಕಾಯಬೇಕೆ? ಬಿಸಿಲು ಹೆಚ್ಚೋದೇ ನಿಜವಾದರೆ ಈ ಕೆಲಸ ಇನ್ನೂ ಬೇಗ ಆಗಬೇಕು.

ಈ ಸಲ ನಾನು ಅರ್ಧ ಹೊಲಕ್ಕೆ ನವಣೆ, ತೊಗರಿ ಹಾಕಿದ್ದೇನೆ. ನಾಲ್ಕನೇ ಬೋರು ಕೊರೆಸೋದಿಲ್ಲ ಅಂತ ಮನೆಯಲ್ಲಿ ಮಾತು ಕೊಟ್ಟಿದ್ದೇನೆ. ನಿಮ್ಮ ಅನುಭವ ಬೇರೆಯಿದ್ದರೆ ಬರೆಯಿರಿ, ತಿದ್ದಿಕೊಳ್ತೇನೆ.