ವೀಳ್ಯವಿಲ್ಲದ ಕರೆ
ಈ ವಾರ ಗುಂಡ್ಲುಪೇಟೆಯ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಬೆಂಗಳೂರಿನಿಂದ ವ್ಯಂಗ್ಯಚಿತ್ರಕಾರರೊಬ್ಬರು ಬಂದಿದ್ದರು. ಮುಕ್ಕಾಲು ಗಂಟೆ ಮಾತಾಡಿದರು, ಆಮೇಲೆ ಬೆರಳೆಲ್ಲ ಮಸಿಯಾಗುವವರೆಗೆ ಸಾಲುಗಟ್ಟಿದ ಮಕ್ಕಳ ಮುಖ ಬರೆದುಕೊಟ್ಟರು. ಕೊನೆಗೆ ಸಿಕ್ಕಿದ್ದು ಶಾಲು, ಹಾರ, ಹಣ್ಣಿನ ಬುಟ್ಟಿ. ಬಸ್ ಚಾರ್ಜನ್ನೂ ಯಾರೂ ವಿಚಾರಿಸಲಿಲ್ಲ. ಮೇಲಾಗಿ, ‘ಬಂಡೀಪುರದ ಆನೆ ಮೇಲೆ ಒಂದು ಕಾಮಿಕ್ಸ್ ಮಾಡ್ಕೊಡಿ ಸಾರ್, ನಿಮಗೇನು, ಎರಡು ಗೆರೆ’ ಎಂಬ ಬೇಡಿಕೆ ಬೇರೆ. ನನಗೆ ಸಂಕಟವಾಯಿತು. ಕಲಾವಿದರನ್ನು ಕರೆಯುವ ಕ್ರಮ ಚಾಮರಾಜನಗರ ಸೀಮೆಗೆ ಹೊಸದೇ? ನಮ್ಮಜ್ಜಿ ಮನೆಯಲ್ಲಿ ಮಲೆ ಮಾದಪ್ಪನ ಕಥೆ ಮಾಡಿಸುವಾಗ ಅದನ್ನು ಹಾಡುವ ಕಂಸಾಳೆಯವರಿಗೆ ಮುಂಚೆಯೇ ವೀಳ್ಯ ಕೊಟ್ಟು, ಕಥೆಯಲ್ಲಿ ಸಂಕಮ್ಮನ ಸಾಲೋ ಬೇರೆ ಸಾಲೋ, ಸಂಭಾವನೆ ಎಷ್ಟು ಎಂದು ಗೊತ್ತುಮಾಡಿಕೊಳ್ಳುತ್ತಿದ್ದರು. ಭಕ್ತಿಗೂ ಲೆಕ್ಕವಿತ್ತು. ಪಕ್ಕದ ಮೈಸೂರಿನ ಆರ್.ಕೆ. ಲಕ್ಷ್ಮಣ್, 1942ರಲ್ಲಿ ಹಾಸ್ಯ ಲೇಖಕ ರಾಶಿಯವರು ಶುರುಮಾಡಿದ ‘ಕೊರವಂಜಿ’ ಪತ್ರಿಕೆಗೆ ಚಿತ್ರ ಬರೆದವರು ಎಂದು ನಾವೇ ಹೆಮ್ಮೆಪಡುತ್ತೇವೆ. ಆದರೆ ‘ಎರಡು ಗೆರೆ’ ಎನ್ನುವ ಕಾಮಿಕ್ಸಿನ ಒಂದು ಪುಟದ ಹಿಂದೆ ಪೆನ್ಸಿಲ್ ಕರಡು, ಶಾಯಿ, ಬಣ್ಣ ಎಲ್ಲ ಇದೆ. ಅಕ್ಷರದ ಕೆಲಸವಂತೂ ಕನ್ನಡದಲ್ಲಿ ಇನ್ನೂ ನಾಜೂಕು, ಒತ್ತಕ್ಷರ ಕೆಳಗಿಳಿದರೆ ಮಾತಿನ ಗುಳ್ಳೆ ಹಿಗ್ಗಿ ಆನೆಯ ಸೊಂಡಿಲನ್ನೇ ಮುಚ್ಚುತ್ತದೆ. ಎಷ್ಟು ಪುಟ, ಎಷ್ಟು ಸಲ ತಿದ್ದುವುದು, ಮೂಲಚಿತ್ರ ಯಾರ ಬಳಿ ಉಳಿಯಬೇಕು, ಮುಂಗಡ ಎಷ್ಟು, ಇವನ್ನೆಲ್ಲ ಕರೆಯುವ ಫೋನಿನಲ್ಲೇ ಮಾತಾಡಿ. ಭಾಷಣಕ್ಕೆ ಬೇರೆ ಹಣ, ಚಿತ್ರಕ್ಕೆ ಬೇರೆ.